ಟ್ಯೂಮರ್ ಬೋರ್ಡಿನಲ್ಲಿ ರೇಡಿಯಾಲಜಿಸ್ಟ್

ಕ್ಯಾನ್ಸರ್ ರೋಗಿಗೆ ಯಾವ ಚಿಕಿತ್ಸೆ, ಯಾವುದು ಮೊದಲು ಎಂಬುದನ್ನು ಹಲವು ವಿಭಾಗಗಳ ವೈದ್ಯರು ಕೂಡಿ ತೀರ್ಮಾನಿಸುವ ಸಭೆಯೇ ಟ್ಯೂಮರ್ ಬೋರ್ಡ್. ಸರ್ಜನ್, ಕಿಮೊ ಕೊಡುವವರು, ರೇಡಿಯೇಶನ್ ಕೊಡುವವರು, ಪೆಥಾಲಜಿಸ್ಟ್ ಜೊತೆಗೆ ಸ್ಕ್ಯಾನ್ ಓದುವ ರೇಡಿಯಾಲಜಿಸ್ಟ್ ಕೂಡ ಅಲ್ಲಿರುತ್ತಾರೆ. ರೋಗಿಯ ಕಣ್ಣಿಗೆ ಬೀಳುವುದು ಅಪರೂಪವಾದ್ದರಿಂದ ಇವರನ್ನು ರೇಡಿಯೇಶನ್ ಕೊಡುವ ವೈದ್ಯರೆಂದೇ ತಿಳಿದವರು ಬಹಳ.

ಗುದನಾಳದ ಕ್ಯಾನ್ಸರಿನಲ್ಲಿ ಇವರ ಮಾತಿನ ತೂಕ ಸ್ಪಷ್ಟವಾಗಿ ಕಾಣುತ್ತದೆ. ಗುದನಾಳದ ಸುತ್ತ ಕೊಬ್ಬಿದೆ, ಕೊಬ್ಬಿನ ಸುತ್ತ ತೆಳುವಾದ ಪೊರೆಯಿದೆ. ಪೊರೆ ಹರಿಯದಂತೆ ಕೊಬ್ಬಿನ ಸಮೇತ ಗುದನಾಳವನ್ನು ಬಿಡಿಸಿ ತೆಗೆದರೆ ರೋಗ ಅಲ್ಲೇ ಮರುಕಳಿಸುವುದು ತೀರ ಕಡಿಮೆಯಾಗುತ್ತದೆ ಎಂದು ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್‌ನ ಸರ್ಜನ್ ಬಿಲ್ ಹೀಲ್ಡ್ 1980ರ ದಶಕದಲ್ಲಿ ತೋರಿಸಿಕೊಟ್ಟರು. ಆದರೆ ಗಡ್ಡೆ ಆ ಪೊರೆಯನ್ನೇ ಮುಟ್ಟಿದ್ದರೆ ಎಂಥ ಕೈಚಳಕದ ಸರ್ಜನ್ ಆದರೂ ರೋಗದ ಬೇರು ಒಳಗೇ ಉಳಿಯಬಹುದು. ಅಂಥ ರೋಗಿಗೆ ಮೊದಲು ರೇಡಿಯೇಶನ್, ಕಿಮೊ ಕೊಟ್ಟು ಗಡ್ಡೆಯನ್ನು ಕುಗ್ಗಿಸಬೇಕು. ಗಡ್ಡೆಗೂ ಪೊರೆಗೂ ನಡುವೆ 1 ಮಿ.ಮೀ.ಗಿಂತ ಹೆಚ್ಚು ಅಂತರವಿದೆಯೇ ಎಂಬುದನ್ನು ಆಪರೇಷನ್‌ಗೆ ಮೊದಲೇ ಎಂಆರ್‌ಐನಿಂದ ಹೇಳಬಹುದೆಂದು ಯುರೋಪಿನ ಹಲವು ಆಸ್ಪತ್ರೆಗಳು ಕೂಡಿ ನಡೆಸಿದ ಮರ್ಕ್ಯುರಿ ಅಧ್ಯಯನ 2006ರಲ್ಲಿ ದೃಢಪಡಿಸಿತು. ಕತ್ತಿ ಮೊದಲೋ ಕಿರಣ ಮೊದಲೋ ಎಂಬುದು ಈ ಅಳತೆಯನ್ನು ಬಹುಮಟ್ಟಿಗೆ ಅವಲಂಬಿಸಿದೆ.

ಚಿಕಿತ್ಸೆ ಶುರುವಾದ ಮೇಲೆ ಅಳೆಯುವ ಕೆಲಸ ಮುಂದುವರಿಯುತ್ತದೆ. ರೆಸಿಸ್ಟ್ ಎಂಬ ಅಳತೆಗೋಲಿನ ಪ್ರಕಾರ, ಆಯ್ದ ಗಡ್ಡೆಗಳ ವ್ಯಾಸದ ಮೊತ್ತ ಶೇ 30ರಷ್ಟು ಇಳಿದರೆ ಔಷಧಿ ಹಿಡಿಸಿದೆ, ಶೇ 20ರಷ್ಟು ಏರಿದರೆ ರೋಗ ಹೆಚ್ಚಿದೆ ಎಂದರ್ಥ. ಇಮ್ಯುನೊಥೆರಪಿ ಬಂದ ಮೇಲೆ ಈ ಲೆಕ್ಕ ತುಸು ತಪ್ಪಿತು. ರೋಗನಿರೋಧಕ ಕೋಶಗಳು ಒಳಗೆ ನುಗ್ಗಿ ಗಡ್ಡೆ ಮೊದಲು ಊದಿಕೊಂಡು, ಆಮೇಲೆ ಕರಗುವುದು ಕೆಲವರಲ್ಲಿ ಕಂಡುಬಂತು. ಹಾಗಾಗಿ ರೋಗ ಹೆಚ್ಚಿದೆ ಎನ್ನುವ ಮೊದಲು 4ರಿಂದ 8 ವಾರ ಬಿಟ್ಟು ಮತ್ತೊಂದು ಸ್ಕ್ಯಾನ್ ನೋಡಬೇಕೆಂದು 2017ರ ಪರಿಷ್ಕೃತ ನಿಯಮ ಹೇಳಿತು. ಕೆಲಸ ಮಾಡುತ್ತಿರುವ ಔಷಧಿಯನ್ನು ನಿಲ್ಲಿಸಬಾರದಲ್ಲ.

ಇಷ್ಟನ್ನೂ ಲಿಖಿತ ವರದಿಯಲ್ಲೇ ಹೇಳಬಹುದಲ್ಲ, ಸಭೆ ಯಾಕೆ? ಸ್ಕ್ಯಾನ್‌ಗೆ ಬರುವ ಚೀಟಿಯಲ್ಲಿ ಎಷ್ಟೋ ಸಲ ‘ಹೊಟ್ಟೆ ಸಿ.ಟಿ.’ ಎಂದಷ್ಟೇ ಇರುತ್ತದೆ. ಲಿವರಿನ ಸಣ್ಣ ಮಚ್ಚೆಯೊಂದನ್ನು ‘ಏನೆಂದು ಹೇಳಲಾಗದು’ ಎಂದು ಬರೆದವರೇ, ಬಯಾಪ್ಸಿ ಫಲಿತಾಂಶವನ್ನೂ ಸರ್ಜನ್‌ನ ಪ್ರಶ್ನೆಯನ್ನೂ ಕೇಳಿ, ಹಳೆಯ ಸ್ಕ್ಯಾನ್ ಪಕ್ಕಕ್ಕಿಟ್ಟು ನೋಡಿದಾಗ ಖಚಿತ ಉತ್ತರ ಕೊಡಬಲ್ಲರು. ಸೂಜಿ ಎಲ್ಲಿಗೆ ಹಾಕಿದರೆ ಸರಿಯಾದ ಮಾದರಿ ಸಿಗುತ್ತದೆ ಎಂದು ಹೇಳುವವರೂ ಇವರೇ.

ಭಾರತದಲ್ಲಿ 2012ರಲ್ಲಿ ಆರಂಭವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್, ಆನ್‌ಲೈನ್ ಟ್ಯೂಮರ್ ಬೋರ್ಡ್ ಮೂಲಕ ದೂರದ ಆಸ್ಪತ್ರೆಗಳಿಗೂ ಇಂಥ ಚರ್ಚೆಯನ್ನು ತಲುಪಿಸಿದೆ. ಆದರೆ ಸಭೆಗೆ ಮುನ್ನ ಪ್ರತಿ ರೋಗಿಯ ಹಳೆಯ, ಹೊಸ ಸ್ಕ್ಯಾನ್‌ಗಳನ್ನು ಮತ್ತೆ ಓದಲು ರೇಡಿಯಾಲಜಿಸ್ಟ್‌ಗೆ ಸಮಯ ಬೇಕು. ದಿನಕ್ಕೆ ಎಷ್ಟು ರಿಪೋರ್ಟ್ ಬರೆದರು ಎಂದಷ್ಟೇ ಎಣಿಸುವ ಆಸ್ಪತ್ರೆಯ ಲೆಕ್ಕದಲ್ಲಿ ಆ ಸಮಯಕ್ಕೆ ಜಾಗವಿಲ್ಲ. ಅದನ್ನೂ ಡ್ಯೂಟಿಯೆಂದು ಪರಿಗಣಿಸುವುದು ಆಡಳಿತ ಮಂಡಳಿಗಳು ಇಂದೇ ಮಾಡಬಹುದಾದ ಕೆಲಸ. ಅದಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ.