ತೊಟ್ಟಿಲ ಲಯ ಮತ್ತು ನನ್ನದೊಂದು ತಪ್ಪು



ಮಗುವನ್ನು ಸೀರೆಯ ತೊಟ್ಟಿಲಲ್ಲಿ ಹಾಕಿ ತೂಗಿದವರಿಗೆಲ್ಲ ಒಂದು ಸಂಗತಿ ಗೊತ್ತಿರುತ್ತದೆ. ತೊಟ್ಟಿಲಿಗೆ ಅದರದೇ ಆದ ಲಯವಿದೆ. ಆ ಲಯಕ್ಕೆ ಕೈ ಸೇರಿಸಿದರೆ ಒಂದು ಬೆರಳು ಸಾಕು. ಅವಸರದಿಂದ ನೂಕಿದರೆ ತೊಟ್ಟಿಲು ಅಡ್ಡಾದಿಡ್ಡಿ ಓಲಾಡುತ್ತದೆ, ಮಗು ಎಚ್ಚರಗೊಳ್ಳುತ್ತದೆ. ಇನ್ನೊಂದನ್ನು ಗಮನಿಸಿದ್ದೀರಾ? ಮೂರು ಕಿಲೋ ಇದ್ದ ಮಗು ಆರು ಕಿಲೋ ಆದರೂ ತೊಟ್ಟಿಲ ವೇಗ ಹೆಚ್ಚುಕಡಿಮೆ ಅದೇ ಇರುತ್ತದೆ. ಕಟ್ಟಿದ ಸೀರೆಯನ್ನು ಗಿಡ್ಡ ಮಾಡಿದರೆ ಮಾತ್ರ ಅದು ಬೇಗ ಬೇಗ ತೂಗುತ್ತದೆ.

ಶಾಲೆಯ ಪುಸ್ತಕದಲ್ಲಿ ಲೋಲಕ ಎಂದು ಕರೆಯುವುದು ಇದನ್ನೇ. ಮನೆಯಲ್ಲೇ ಪರೀಕ್ಷಿಸಬಹುದು. ಒಂದು ಮೀಟರ್ ದಾರಕ್ಕೆ ಸಣ್ಣ ಬೀಗ ಕಟ್ಟಿ ಬಾಗಿಲ ಚೌಕಟ್ಟಿಗೆ ತೂಗುಹಾಕಿ, ಮೆಲ್ಲನೆ ಬಿಡಿ. ಈ ಬದಿಯಿಂದ ಆ ಬದಿಗೆ ಹೋಗಲು ಒಂದು ಸೆಕೆಂಡ್, ಮರಳಿ ಬರಲು ಇನ್ನೊಂದು ಸೆಕೆಂಡ್. ದಾರವನ್ನು 25 ಸೆಂಟಿಮೀಟರಿಗೆ ಇಳಿಸಿದರೆ ಹೋಗಿ ಬರಲು ಒಟ್ಟು ಒಂದೇ ಸೆಕೆಂಡ್. ಅಂದರೆ ಉದ್ದ ಕಾಲುಭಾಗವಾದರೆ ಸಮಯ ಅರ್ಧವಾಗುತ್ತದೆ. ಬೀಗದ ಬದಲು ಭಾರವಾದ ಇನ್ನೊಂದು ವಸ್ತು ಕಟ್ಟಿದರೂ ಲೆಕ್ಕ ಬದಲಾಗುವುದಿಲ್ಲ. ಭೂಮಿಯ ಸೆಳೆತ ಮತ್ತು ದಾರದ ಉದ್ದ, ಇವೆರಡೇ ಮುಖ್ಯ.

ಆರ್.ಟಿ. ನಗರದ ನಮ್ಮ ಮನೆಯ ಹಳೆಯ ಗೋಡೆ ಗಡಿಯಾರ ಬೇಸಿಗೆಯಲ್ಲಿ ಹಿಂದೆ ಬೀಳುತ್ತಿತ್ತು. ನನ್ನ ಮಾವನವರು ಲೋಲಕದ ಕೆಳಗಿನ ಪುಟ್ಟ ತಿರುಪನ್ನು ತುಸು ಮೇಲಕ್ಕೆ ತಿರುಗಿಸುತ್ತಿದ್ದರು. ಸೆಖೆಗೆ ಲೋಹದ ಕಡ್ಡಿ ಕೂದಲೆಳೆಯಷ್ಟು ಉದ್ದವಾಗಿ ಗಡಿಯಾರ ನಿಧಾನವಾಗುತ್ತದೆ ಎಂಬ ಕಾರಣ ನನಗೆ ಆಮೇಲೆ ತಿಳಿಯಿತು. ಅಝಾನ್ ಕೇಳಿಸಿದಾಗ ಅವರು ಮೊದಲು ಗಡಿಯಾರದತ್ತ ನೋಡುತ್ತಿದ್ದರು.

ಇನ್ನು ನನ್ನ ತಪ್ಪಿನ ವಿಷಯ. ಒಂದು ದಿನ ತರಗತಿಯಲ್ಲಿ ನಾನು ಬಹಳ ಹೆಮ್ಮೆಯಿಂದ ಹೇಳಿದೆ: "ಲೋಲಕವನ್ನು ಕಂಡುಹಿಡಿದವರು ಗೆಲಿಲಿಯೋ ಅಲ್ಲ. ಅವರಿಗಿಂತ ಆರು ಶತಮಾನ ಮೊದಲೇ ಈಜಿಪ್ಟಿನ ಇಬ್ನ್ ಯೂನುಸ್ ಅದನ್ನು ಬಳಸಿದ್ದರು." ಮಕ್ಕಳು ಬರೆದುಕೊಂಡರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಟೀಚರ್, ಇದು ಅವರ ಯಾವ ಕಿತಾಬಿನಲ್ಲಿದೆ?"

ನನ್ನಲ್ಲಿ ಉತ್ತರವಿರಲಿಲ್ಲ. "ನಾಳೆ ಹೇಳುತ್ತೇನೆ" ಎಂದೆ. ಮದ್ರಸದಲ್ಲಿ ವರ್ಷಗಟ್ಟಲೆ ಕಲಿತವಳು ನಾನು. ಒಂದು ಮಾತು ಬಂದರೆ ಯಾರಿಂದ ಬಂತು, ಅವರು ಯಾರಿಂದ ಕೇಳಿದರು ಎಂದು ಸನದ್ ಹುಡುಕುವುದನ್ನು ನಮಗೆ ಅಲ್ಲಿ ಮೊದಲು ಕಲಿಸುತ್ತಾರೆ. ಈ ಮಾತಿನ ಸನದನ್ನು ಮಾತ್ರ ನಾನು ಒಮ್ಮೆಯೂ ಕೇಳಿರಲಿಲ್ಲ.

ಅಂದು ರಾತ್ರಿ ಹುಡುಕಿದೆ. ಇಬ್ನ್ ಯೂನುಸರ ಬಗ್ಗೆಯೇ ಸಂಶೋಧನೆ ನಡೆಸಿದ ಇತಿಹಾಸಕಾರ ಡೇವಿಡ್ ಕಿಂಗ್ 1979ರಲ್ಲಿ ಈ ಮಾತಿನ ಬೆನ್ನು ಹತ್ತಿದ್ದರು. ಅದು ಇಬ್ನ್ ಯೂನುಸರ ಕೃತಿಯಿಂದ ಬಂದದ್ದಲ್ಲ. ಅದರ ಮೂಲ 1684ರಲ್ಲಿ ಆಕ್ಸ್‌ಫರ್ಡಿನ ಎಡ್ವರ್ಡ್ ಬರ್ನಾರ್ಡ್ ಬರೆದದ್ದರಲ್ಲಿದೆ. ಆಮೇಲೆ ಒಬ್ಬರ ಪುಸ್ತಕದಿಂದ ಇನ್ನೊಬ್ಬರ ಪುಸ್ತಕಕ್ಕೆ ಹಬ್ಬುತ್ತಾ ನನ್ನ ತರಗತಿಯ ತನಕ ಬಂದಿದೆ.

ಗೆಲಿಲಿಯೋ ಕುರಿತೂ ಇಂತಹ ಸುಂದರ ಕಥೆಯೊಂದಿದೆ. 1583ರಲ್ಲಿ ಪೀಸಾ ನಗರದ ಚರ್ಚಿನಲ್ಲಿ ತೂಗುವ ದೀಪವನ್ನು ನೋಡಿ ಅವರು ಲೋಲಕದ ನಿಯಮ ಕಂಡುಕೊಂಡರಂತೆ. ಆದರೆ ಇಂದು ಅಲ್ಲಿ ತೋರಿಸುವ ದೀಪವನ್ನು ತೂಗುಹಾಕಿದ್ದು 1587ರಲ್ಲಿ! ಅವರು 1602ರಲ್ಲಿ ಲೋಲಕದ ಬಗ್ಗೆ ಬರೆದ ಪತ್ರವಂತೂ ಇದೆ. ಲೋಲಕವಿರುವ ಗಡಿಯಾರವನ್ನು 1656ರಲ್ಲಿ ರೂಪಿಸಿದವರು ಹಾಲೆಂಡಿನ ಹೈಗನ್ಸ್. ದಿನಕ್ಕೆ ಸುಮಾರು ಕಾಲು ಗಂಟೆ ತಪ್ಪುತ್ತಿದ್ದ ಗಡಿಯಾರಗಳು ಅಲ್ಲಿಂದ ಮುಂದೆ ಸೆಕೆಂಡುಗಳ ಲೆಕ್ಕಕ್ಕೆ ಬಂದವು.

ಹಾಗಾದರೆ ಇಬ್ನ್ ಯೂನುಸ್ ಸಣ್ಣವರಾದರೇ? ಖಂಡಿತ ಇಲ್ಲ. 1009ರಲ್ಲಿ ನಿಧನರಾದ ಅವರು ತಮ್ಮ 'ಹಾಕಿಮೀ ಝೀಜ್' ಎಂಬ ಗ್ರಂಥದಲ್ಲಿ ಗ್ರಹಣಗಳನ್ನೂ ಗ್ರಹಗಳ ಸಮಾಗಮಗಳನ್ನೂ ಎಷ್ಟು ಜಾಗ್ರತೆಯಿಂದ ದಾಖಲಿಸಿದ್ದರೆಂದರೆ, 19ನೇ ಶತಮಾನದ ಖಗೋಳ ವಿಜ್ಞಾನಿ ನ್ಯೂಕೋಂಬ್ ಚಂದ್ರನ ಚಲನೆಯ ಲೆಕ್ಕಕ್ಕೆ ಆ ದಾಖಲೆಗಳನ್ನು ಬಳಸಿಕೊಂಡರು. ಕೈರೋದಲ್ಲಿ ನಮಾಝಿನ ಹೊತ್ತು ತಿಳಿಯಲು ಬಳಸುತ್ತಿದ್ದ ಕೋಷ್ಟಕಗಳಲ್ಲೂ ಅವರ ಪಾಲಿದೆ. ಆ ಕೋಷ್ಟಕಗಳು 19ನೇ ಶತಮಾನದವರೆಗೆ ಬಳಕೆಯಲ್ಲಿದ್ದವು. ಇಷ್ಟು ದೊಡ್ಡ ಸಾಧನೆಯನ್ನು ಬದಿಗಿಟ್ಟು ಅವರು ಮಾಡದ ಕೆಲಸವನ್ನು ನಾನು ಹೊಗಳುತ್ತಿದ್ದೆ.

ಹುಡುಕುವಾಗ ನಮ್ಮೂರಿನದೇ ಕಥೆಯೊಂದು ಸಿಕ್ಕಿತು. ಹೆಬ್ಬಾಳಕ್ಕೆ ಹೋಗುವಾಗ ನಾವು ದಾಟುವ ಮೇಖ್ರಿ ವೃತ್ತ, ಇನಾಯತುಲ್ಲಾ ಮೇಖ್ರಿಯವರ ಹೆಸರಿನದು, ನಿಮಗೆ ಗೊತ್ತು. ಭಾರತದ ಮಹಾ ಭೂಮಾಪನದವರು 1868ರಲ್ಲಿ ಬೆಂಗಳೂರಿನಲ್ಲಿ ಅಳೆದ ಆಧಾರರೇಖೆಯ ಒಂದು ತುದಿ ಆ ಭಾಗದಲ್ಲಿತ್ತು, ಇನ್ನೊಂದು ತುದಿ ಬಾಗಲೂರು ಕಡೆಯ ಕಣ್ಣೂರಿನಲ್ಲಿ. ಕ್ಯಾಪ್ಟನ್ ಬೇಸವಿ ಎಂಬವರು ಕನ್ಯಾಕುಮಾರಿಯ ಕಡೆಯಿಂದ ಹಿಮಾಲಯದ ತನಕ ಲೋಲಕಗಳನ್ನು ಹೊತ್ತು ಸಾಗಿದಾಗ ಬೆಂಗಳೂರಿನಲ್ಲೂ ಅವುಗಳನ್ನು ತೂಗಿಸಿ ಎಣಿಸಿದ್ದರು. ಒಂದೇ ಲೋಲಕ ಬೇರೆ ಬೇರೆ ಊರಿನಲ್ಲಿ ದಿನಕ್ಕೆ ಎಷ್ಟು ಸಲ ತೂಗಿತೆಂದು ಎಣಿಸಿದರೆ ಅಲ್ಲಲ್ಲಿನ ಭೂಮಿಯ ಸೆಳೆತ ತಿಳಿಯುತ್ತದೆ. ಹಿಮಾಲಯದಲ್ಲಿ ಪರ್ವತದ ರಾಶಿಯಿಂದ ನಿರೀಕ್ಷಿಸಿದಷ್ಟು ಸೆಳೆತ ಕಾಣಲಿಲ್ಲ. ಪರ್ವತಗಳ ಅಡಿಯಲ್ಲಿರುವುದು ಹಗುರವಾದ ಶಿಲೆ ಎಂಬ ವಿಚಾರಕ್ಕೆ ಇದರಿಂದ ಬಲ ಬಂತು. ಬೇಸವಿ ಈ ಕೆಲಸದಲ್ಲಿರುವಾಗಲೇ 1871ರಲ್ಲಿ ಲಡಾಖಿನಲ್ಲಿ ತೀರಿಕೊಂಡರು. ಲೆಕ್ಕ ಸರಿಯಿರಬೇಕೆಂದು ಮನುಷ್ಯರು ಎಷ್ಟೊಂದು ಕಷ್ಟಪಟ್ಟಿದ್ದಾರೆ!

ಮರುದಿನ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದೆ: "ನಿನ್ನೆ ನಾನು ಹೇಳಿದ್ದು ತಪ್ಪು." ಕೈ ತುಸು ನಡುಗಿತು, ನಿಜ. ಮಕ್ಕಳು ಗೌರವ ಕಳೆದುಕೊಳ್ಳುತ್ತಾರೇನೋ ಎಂಬ ಅಳುಕಿತ್ತು. ಆದರೆ ಅಂದಿನಿಂದ ಅವರು ನನ್ನ ಬಳಿ ಹೆಚ್ಚು ಪ್ರಶ್ನೆ ಕೇಳತೊಡಗಿದರು. ಆ ಹುಡುಗಿಯನ್ನು ಹತ್ತಿರ ಕರೆದು ಶುಕ್ರಿಯಾ ಹೇಳಿದೆ.

ಸಹೋದರಿಯರೇ, ನಮ್ಮ ಮೊಬೈಲಿಗೆ ದಿನವೂ ಇಂತಹ ಎಷ್ಟೋ ಹೆಮ್ಮೆಯ ಮಾತುಗಳು ಬರುತ್ತವೆ. ಓದಿ ಖುಷಿಯಾಗುತ್ತದೆ, ಕೂಡಲೇ ನಾಲ್ಕು ಜನರಿಗೆ ಕಳುಹಿಸುತ್ತೇವೆ. ಕಳುಹಿಸುವ ಮುನ್ನ ಆ ಹುಡುಗಿಯ ಪ್ರಶ್ನೆಯನ್ನು ಒಮ್ಮೆ ಕೇಳಿಕೊಳ್ಳೋಣವೇ? ನಮ್ಮ ಪೂರ್ವಿಕರ ಜ್ಞಾನ ನಮ್ಮ ಕೈಯಲ್ಲಿರುವ ಅಮಾನತ್. ಅದಕ್ಕೆ ಸುಳ್ಳನ್ನು ಬೆರೆಸಿದರೆ ನಾಳೆ ಯಾರೋ ಆ ಸುಳ್ಳನ್ನು ಎತ್ತಿ ತೋರಿಸುವಾಗ ನಮ್ಮ ಮಕ್ಕಳು ನಿಜವಾದುದನ್ನೂ ಅನುಮಾನಿಸುತ್ತಾರೆ.

ಈ ರಜೆಯಲ್ಲಿ ಮಕ್ಕಳೊಂದಿಗೆ ಕೂತು ದಾರಕ್ಕೆ ಬೀಗ ಕಟ್ಟಿ ಎಣಿಸಿ ನೋಡಿ. ನಾನು ಹೇಳಿದೆನೆಂದು ನಂಬಬೇಡಿ.