18 ಮೀಟರಿನ ಕೆಳಗೆ

ಮಳೆಗಾಲದಲ್ಲಿ ಓಂ ಬೀಚಿನ ಕಡಲಿಗೆ ಬುದ್ಧಿ ಇದ್ದವರು ಇಳಿಯುವುದಿಲ್ಲ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾದವರನ್ನು ಒಯ್ಯುವ ದೋಣಿಗಳೂ ದಡ ಹತ್ತಿರುತ್ತವೆ. ಡೈವಿಂಗ್ ನಂಬಿ ಬದುಕುವ ಹುಡುಗರಿಗೆ ಅದು ಓದಿನ ಕಾಲ. ನನ್ನ ಸೋದರಳಿಯ ಡೈವ್‌ಮಾಸ್ಟರ್ ಪರೀಕ್ಷೆಗೆ ಓದುತ್ತಿದ್ದಾನೆ. 'ಮಾವಾ, ಮೊದಲನೇ ಕೋರ್ಸ್ ಮುಗಿಸಿದಾಗ ನಂಗೆ ಎಲ್ಲ ಗೊತ್ತಿತ್ತು' ಎಂದು ನಗುತ್ತಾನೆ.

ಮೊದಲ ಕೋರ್ಸಿನ ಕಾರ್ಡು ಕೊಡುವುದು ಆಜ್ಞೆಗಳನ್ನು. 18 ಮೀಟರ್ ದಾಟಬೇಡ, ಉಸಿರು ಹಿಡಿಯಬೇಡ, ನಿಧಾನ ಮೇಲೆ ಬಾ. ಎರಡನೆಯದು 30 ಮೀಟರಿನವರೆಗೆ ಬಿಡುತ್ತದೆ. ಇವನು ಓದುತ್ತಿರುವ ಹಂತದಲ್ಲಿ ಆಳಕ್ಕಿಂತ ಕಾರಣ ಮುಖ್ಯ.

ಪ್ರತಿ 10 ಮೀಟರಿಗೆ ಒಂದು ವಾತಾವರಣದ ಒತ್ತಡ ಕೂಡುತ್ತದೆ. 30 ಮೀಟರಿನಲ್ಲಿ ಒಟ್ಟು ನಾಲ್ಕು. ಆ ಒತ್ತಡದಲ್ಲಿ ಸಾರಜನಕ ರಕ್ತದಲ್ಲಿ, ಕೊಬ್ಬಿನಲ್ಲಿ ಕರಗಿ ಕೂರುತ್ತದೆ. ಗಡಿಬಿಡಿಯಲ್ಲಿ ಮೇಲೆ ಬಂದರೆ ಗುಳ್ಳೆಯಾಗಿ ಹೊರಡುತ್ತದೆ. ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ಏನು ಬೇಕಾದರೂ ಆಗಬಹುದು. ಎಷ್ಟು ನಿಧಾನವಾಗಿ ಬರಬೇಕು? ಬ್ರಿಟಿಷ್ ನೌಕಾಪಡೆಗಾಗಿ ಜೆ.ಎಸ್. ಹಾಲ್ಡೇನ್ ಮೇಕೆಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಪರೀಕ್ಷಿಸಿ, 1908ರಲ್ಲಿ ಕೋಷ್ಟಕ ಪ್ರಕಟಿಸಿದರು. ಅವರ ಲೆಕ್ಕದಲ್ಲಿ ದೇಹಕ್ಕೆ ಐದು ವಿಭಾಗ. ಮುಂದೆ ಜ್ಯೂರಿಕ್‌ನ ಬ್ಯೂಲ್‌ಮನ್ ಅದನ್ನು 16ಕ್ಕೆ ಏರಿಸಿದರು. ಇಂದು ಅನೇಕ ಡೈವರುಗಳ ಮಣಿಕಟ್ಟಿನ ಕಂಪ್ಯೂಟರು ಎಣಿಸುವುದು ಇವನ್ನೇ.

ಅಳಿಯನ ನಿದ್ದೆ ಕೆಡಿಸಿದ್ದು ಮುಂದಿನ ಪುಟ. ಈ 16ರಲ್ಲಿ ಒಂದೂ ಯಕೃತ್ತಲ್ಲ, ಮೂಳೆಯಲ್ಲ. ಲೆಕ್ಕ ಕೂಡಿಬರಲೆಂದು ಕಲ್ಪಿಸಿಕೊಂಡವು. ಮಿತಿಯೊಳಗೇ ಮುಳುಗಿ ಬಂದವರಿಗೆ ಡಾಪ್ಲರ್ ಯಂತ್ರ ಹಿಡಿದರೆ ಹಲವರ ರಕ್ತನಾಳದಲ್ಲಿ ಗುಳ್ಳೆಗಳು; ಅವರು ಮಾತ್ರ ಆರಾಮಾಗಿ ಚಹಾ ಕುಡಿಯುತ್ತಿರುತ್ತಾರೆ. ಅಪರೂಪಕ್ಕೊಬ್ಬ ಎಲ್ಲ ನಿಯಮ ಪಾಲಿಸಿಯೂ ಮಲಗಿಬಿಡುತ್ತಾನೆ. ಅವನಿಗೇ ಏಕೆ ಎಂಬುದಕ್ಕೆ ಪೂರ್ಣ ಉತ್ತರ ಇನ್ನೂ ವೈದ್ಯಶಾಸ್ತ್ರದಲ್ಲಿಲ್ಲ. ಆದರೆ ಪ್ರಶ್ನೆಪತ್ರಿಕೆ ನಾಲ್ಕು ಉತ್ತರ ಕೊಟ್ಟು ಒಂದಕ್ಕೆ ಗುರುತು ಹಾಕು ಎನ್ನುತ್ತದೆ. 'ಇನ್ನೂ ತಿಳಿದಿಲ್ಲ' ಎಂಬ ಐದನೆಯದಕ್ಕೂ ಅಲ್ಲಿ ಜಾಗ ಇರಬೇಕಿತ್ತು ಎಂಬುದು ನನ್ನ ತಕರಾರು.

ಹಾಗೆಂದು ಕೋಷ್ಟಕವೇ ಸುಳ್ಳು, ಅನುಭವವೇ ಸಾಕು ಎನ್ನುವವರ ಮಾತೂ ನನಗೆ ಹಿಡಿಸದು. ಅಂದಾಜಿನ ಆ ಲೆಕ್ಕವೇ ಬಹಳ ಜನರನ್ನು ಉಳಿಸಿದೆ. ಅದು ಅಂದಾಜು ಎಂದು ಗೊತ್ತಿದ್ದವನು ಗೆರೆಯ ಅಂಚಿಗೆ ಹೋಗದೆ ಒಂದಿಷ್ಟು ಈಚೆಗೇ ನಿಲ್ಲುತ್ತಾನೆ, ಅಷ್ಟೆ.

ಒಂದು ಡೈವ್ ಆದರೆ ಕನಿಷ್ಠ 12 ಗಂಟೆ, ಮತ್ತೆ ಮತ್ತೆ ಮುಳುಗಿದ್ದರೆ 18 ಗಂಟೆ ವಿಮಾನ ಹತ್ತಬಾರದು ಎಂಬ ಸೂಚನೆ ಎಲ್ಲರಿಗೂ ಬಾಯಿಪಾಠ. ಎತ್ತರ ಏರಿದಂತೆ ಗಾಳಿಯ ಒತ್ತಡ ಇಳಿಯುತ್ತದೆ, ಉಳಿದ ಸಾರಜನಕ ತೊಂದರೆ ಕೊಡಬಹುದು. ಆದರೆ ಭಾನುವಾರ ಮಧ್ಯಾಹ್ನ ನೇತ್ರಾಣಿಯಲ್ಲಿ ಮುಳುಗಿ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಡುವವರು? ಘಟ್ಟ ಹತ್ತಿ ಅವರು ಸೇರುವ ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ. ಶರೀರಕ್ಕೆ ರೆಕ್ಕೆ, ಚಕ್ರ ಎಂಬ ಭೇದವಿಲ್ಲ. ಈ ಸಲ ಸೀಸನ್ ಶುರುವಾದರೆ ಅಳಿಯ ಗಿರಾಕಿಗಳಿಗೆ ಮೊದಲು ಬಸ್ಸಿನ ಹೊತ್ತು ಕೇಳುತ್ತಾನಂತೆ. 'ಗಿರಾಕಿ ಕೈತಪ್ಪಿದರೆ?' ಎಂದೆ. 'ಬೆಳಿಗ್ಗೆ ಬಸ್ಸಿಗೆ ಹೋಗಿ ಅಂತೇನೆ, ಅವತ್ತು ಬಾಸ್ ರಜೆ ಕೊಡ್ತಾನೋ ಇಲ್ಲವೋ ಅವರ ಪಾಡು' ಎಂದ.