ಪಟ್ಟಿಯಲ್ಲಿದ್ದರೆ ಸಾಲದು

ಉಪ್ಸಾಲದ ಪ್ರಾಧ್ಯಾಪಕ ಕಾರ್ಲ್ ಲಿನೇಯಸ್ ಮಳೆಕಾಡಿಗೆ ಕಾಲಿಟ್ಟವರಲ್ಲ. 1758ರಲ್ಲಿ ಸ್ಟಾಕ್‌ಹೋಮಿನಲ್ಲಿ ಅಚ್ಚಾದ ‘ಸಿಸ್ಟೆಮಾ ನ್ಯಾಚುರೆ’ ಎಂಬ ತಮ್ಮ ಜೀವಿಪಟ್ಟಿಯ ಹತ್ತನೆಯ ಆವೃತ್ತಿಯಲ್ಲಿ ಅವರು ಮಳೆಕಾಡಿನ ಹಕ್ಕಿ ಕ್ಯಾಸೊವರಿಯನ್ನು ಉಷ್ಟ್ರಪಕ್ಷಿಯ ಕುಲಕ್ಕೆ ಸೇರಿಸಿದರು. ಅದೇ ಕುಲದಲ್ಲಿ ಡೋಡೋ ಕೂಡ ಇತ್ತು. ಮಾರಿಷಸ್ಸಿನ ಆ ಹಕ್ಕಿ ಹಿಂದಿನ ಶತಮಾನದಲ್ಲೇ ನಿರ್ನಾಮವಾಗಿತ್ತು. ಬದುಕಿದ್ದದ್ದಕ್ಕೂ ಅಳಿದದ್ದಕ್ಕೂ ಒಂದೇ ಸಾಲು. ಇದಕ್ಕೆ ಲಿನೇಯಸ್ ಅವರನ್ನು ದೂರಬೇಕಿಲ್ಲ. ಒಂದು ಜೀವಿ ಭೂಮಿಯಿಂದಲೇ ಅಳಿಯಬಹುದು ಎಂಬುದನ್ನು ವಿಜ್ಞಾನ ಒಪ್ಪಲು ಇನ್ನೂ ಕೆಲವು ದಶಕ ಬೇಕಾಯಿತು.

ಈಗ ಆ ತಿಳಿವಳಿಕೆ ಇದೆ, ಅಪಾಯದ ದರ್ಜೆ ಹೇಳುವ ಪಟ್ಟಿಗಳೂ ಇವೆ. ಐಯುಸಿಎನ್‌ನ ಕೆಂಪುಪಟ್ಟಿಯಲ್ಲಿ ದಕ್ಷಿಣದ ಕ್ಯಾಸೊವರಿ ಅತಿ ಕಡಿಮೆ ಆತಂಕದ ವರ್ಗದಲ್ಲಿದೆ. ನ್ಯೂಗಿನಿಯ ವಿಶಾಲ ಕಾಡು ಅದಕ್ಕೆ ಕಾರಣ. ಆಸ್ಟ್ರೇಲಿಯದ ಕಾನೂನಿನಲ್ಲಿ ಅದೇ ಹಕ್ಕಿ ಅಳಿವಿನ ಅಪಾಯದಲ್ಲಿದೆ. ಕ್ವೀನ್ಸ್‌ಲ್ಯಾಂಡಿನಲ್ಲಿ ಉಳಿದಿರುವುದು ಕೆಲವೇ ಸಾವಿರ.

ಹಾರಲಾರದ ಈ ಆಳೆತ್ತರದ ಹಕ್ಕಿ ಹಣ್ಣನ್ನು ಇಡಿಯಾಗಿ ನುಂಗುತ್ತದೆ. ನಡೆಯುತ್ತ ಹೋಗಿ, ದೂರದಲ್ಲೆಲ್ಲೋ ಬೀಜವನ್ನು ಗೊಬ್ಬರದ ಸಮೇತ ಉದುರಿಸುತ್ತದೆ. ಬೇರೆ ಹಕ್ಕಿಗಳ ಗಂಟಲಿಗೆ ಇಳಿಯದ ದಪ್ಪ ಬೀಜಗಳು ತಾಯಿಮರದ ಬುಡ ಬಿಟ್ಟು ಹೊರಡುವುದು ಬಹುಮಟ್ಟಿಗೆ ಇದರಿಂದಲೇ. ಕ್ವೀನ್ಸ್‌ಲ್ಯಾಂಡಿನ ರೈಪರೋಸಾ ಕುಲದ ಒಂದು ಮರದ ಬೀಜವನ್ನು ಸಂಶೋಧಕರು ಬಿತ್ತಿ ನೋಡಿದ್ದಾರೆ: ಹಾಗೆಯೇ ಬಿತ್ತಿದಾಗ ನೂರಕ್ಕೆ 4 ಮೊಳೆತವು, ಕ್ಯಾಸೊವರಿಯ ಹೊಟ್ಟೆ ಹಾದು ಬಂದವು ನೂರಕ್ಕೆ 92. ಮೊಟ್ಟೆಗೆ ಸುಮಾರು 50 ದಿನ ಕಾವು ಕೊಡುವುದು ಗಂಡು. ಮೈಮೇಲೆ ಪಟ್ಟೆಯಿರುವ ಮರಿಗಳನ್ನು ತಿಂಗಳುಗಟ್ಟಲೆ ಬೆನ್ನಿಗೆ ಕಟ್ಟಿಕೊಂಡು ತಿರುಗುವುದೂ ಅದೇ. ಕ್ವೀನ್ಸ್‌ಲ್ಯಾಂಡಿನ ಮಿಷನ್ ಬೀಚಿನ ರಸ್ತೆಯಲ್ಲಿ ಅಂಥ ಒಂದು ಗಂಡು ಕಾರಿಗೆ ಸಿಕ್ಕರೆ, ಎಳೆಯ ಮರಿಗಳಿಗೆ ದಿಕ್ಕಿಲ್ಲ. ಸುತ್ತಲಿನ ಮರಗಳಿಗೂ ಬಿತ್ತುವವನೊಬ್ಬ ಕಡಿಮೆಯಾದ.

ಪ್ರತಿ ಕಾಡಿಗೂ ಅದರದ್ದೇ ಲೆಕ್ಕ ಬೇಕು. ನ್ಯೂಗಿನಿಯ ಕ್ಯಾಸೊವರಿ ಜಲಸಂಧಿ ದಾಟಿ ಬಂದು ಕ್ವೀನ್ಸ್‌ಲ್ಯಾಂಡಿನಲ್ಲಿ ಬೀಜ ಬಿತ್ತುವುದಿಲ್ಲ. ನಮ್ಮ ದಾಂಡೇಲಿಯ ಮಂಗಟ್ಟೆಯ ಮಾತೂ ಇದೇ. ಅರುಣಾಚಲದಲ್ಲಿ ಮಂಗಟ್ಟೆ ಎಷ್ಟೇ ಇದ್ದರೂ ಕಾಳಿ ಕಣಿವೆಯ ಮರಗಳ ಬೀಜ ಹೊರುವುದು ಕಾಳಿ ಕಣಿವೆಯ ಮಂಗಟ್ಟೆಯೇ. ಕಾಡಿನ ರಸ್ತೆ ಅಗಲಿಸುವ ಕಡತಕ್ಕೆ ಸಹಿ ಬೀಳುವಾಗ ‘ಈ ಜಾತಿ ಬೇರೆಡೆಯೂ ಇದೆ’ ಎಂಬ ಷರಾಕ್ಕೆ ಅಲ್ಲಿ ಜಾಗ ಇರಕೂಡದು.